ನಾನು ಬರೆದ ಪುಟ, ಓಡುತ್ತಿದ್ದ ಪುಟ

ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಒಬ್ಬ ಹಳೇ ಫಿಟ್ಟರ್ ಇದ್ದರು. ಕುರುಗೋಡಿನವರು, ಅರವತ್ತು ದಾಟಿದವರು. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಅನ್ನುತ್ತಿದ್ದರು. ಯಂತ್ರದೊಳಗೆ ಕೈಹಾಕುವ ಮೊದಲು ಅವರು ಪ್ರತಿ ಸಲ ಮೂವತ್ತು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಅದು ಯಾಕೆ ಅಂತ ಹೇಳಬೇಕೆಂದರೆ ಆ ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು.

ಅದಕ್ಕೆ ಗಿರಣಿಯವರು ಎಲಿವೇಟರ್ ಅನ್ನುತ್ತಾರೆ. ಜನ ಹತ್ತುವ ಲಿಫ್ಟ್ ಅಲ್ಲ. ತಗಡಿನ ಎತ್ತರದ ಗೂಡು, ಅದರೊಳಗೆ ಮೇಲೆ ಕೆಳಗೆ ಸುತ್ತುವ ಒಂದು ಪಟ್ಟಾ, ಪಟ್ಟಾಕ್ಕೆ ಸಾಲಾಗಿ ಕಬ್ಬಿಣದ ಬಕೆಟ್ಟುಗಳು. ಕೆಳಗಿನ ಭತ್ತವನ್ನು ಮೇಲಿನ ತೊಟ್ಟಿಗೆ ಹೊತ್ತು ಹಾಕುವುದು ಅದರ ಕೆಲಸ. ಮೇಲಿನ ತೊಟ್ಟಿ ಬರಿದಾದರೆ ತಾನೇ ಓಡುತ್ತದೆ, ತುಂಬಿದರೆ ತಾನೇ ನಿಲ್ಲುತ್ತದೆ. ಬುಡದಲ್ಲಿ ಒಂದು ತಗ್ಗು. ಹುಲ್ಲು, ಹಗ್ಗದ ಚೂರು, ಹಸಿ ಭತ್ತದ ಉಂಡೆ ಎಲ್ಲ ಅಲ್ಲಿ ಸಿಕ್ಕಿಕೊಳ್ಳುತ್ತವೆ. ದಿನಕ್ಕೆ ಎರಡು ಸಲ ಚಾಚಾ ಆ ತಗ್ಗಿಗೆ ಇಳಿದು ಕೈಯಿಂದ ಬಿಡಿಸಬೇಕು.

ತಗ್ಗಿನ ಪಕ್ಕ ಒಂದು ಕೆಂಪು ಬಟನ್. ಅದನ್ನು ಒತ್ತಿದ ಮೇಲೆ ಎಲಿವೇಟರ್ ಯಾವ ಕಾರಣಕ್ಕೂ ಓಡಬಾರದು. ಚಾಚಾ ಅದನ್ನು ಒತ್ತಿ, ಮೆಟ್ಟಿಲು ಹತ್ತಿ, ಮೇಲಿರುವ, ಎಲಿವೇಟರ್ ಓಡಿಸುವ ಹಸಿರು ಬಟನ್ ಅನ್ನೂ ಒತ್ತುತ್ತಿದ್ದರು. ಪಟ್ಟಾ ಅಲುಗದಿದ್ದರೆ ಮಾತ್ರ ಇಳಿದು ಬಂದು ಕೈ ಹಾಕುವರು.

"ನಿಲ್ಲು ಅಂದಾಗ ನಿಂತೈತಿಲ್ಲೋ ಅಂತ ನೋಡೋದಲ್ಲ ಬೇಟಿ. ನಡಿ ಅಂದ್ರೂ ನಿಂತೈತಿಲ್ಲೋ, ಅದನ್ನ ನೋಡಬೇಕು" ಅನ್ನುತ್ತಿದ್ದರು. ಗಿರಣಿಯ ಹುಡುಗಿಯರು ಅವರ ಬೆನ್ನ ಹಿಂದೆ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ನನ್ನ ಮನೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ಮುಂದಿನ ಕೋಣೆಯೇ ಆಫೀಸು. ಗಿರಣಿ, ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಗಳ ಯಂತ್ರ ನಡೆಸುವ ಕಂಪ್ಯೂಟರುಗಳನ್ನು ಕೂಡಿಸಿ ಕೊಡುವುದು, ಕೆಟ್ಟರೆ ಹೋಗಿ ಸರಿಮಾಡುವುದು ನನ್ನ ಹೊಟ್ಟೆಪಾಡು. ಸಿರುಗುಪ್ಪದ ಆ ಗಿರಣಿಗೂ ನಾನೇ ಕೂಡಿಸಿ ಕೊಟ್ಟಿದ್ದೆ. ಭತ್ತ ನೆನೆಸುವುದು, ಆವಿಯಲ್ಲಿ ಬೇಯಿಸುವುದು, ಒಣಗಿಸುವುದು, ಎಲಿವೇಟರ್ ಓಡಿಸುವುದು ಎಲ್ಲ ಆ ಒಂದು ಕಂಪ್ಯೂಟರಿನ ಕೈಯಲ್ಲಿತ್ತು.

ಒಂದು ಬೆಳಿಗ್ಗೆ ಚಾಚಾ ಫೋನ್ ಮಾಡಿದರು. ಕೆಂಪು ಒತ್ತಿ, ಮೇಲೆ ಹೋಗಿ ಹಸಿರು ಒತ್ತಿದರೆ ಎಲಿವೇಟರ್ ಓಡಿಬಿಟ್ಟಿತಂತೆ. ಮತ್ತೆ ಒತ್ತಿದರೆ ಸರಿಯಾಗಿ ನಿಂತಿತಂತೆ. "ನೂರು ಸಲಕ್ಕ ಒಂದು ಸಲ ಹಿಂಗ ಮಾಡಾಕತ್ತೈತಿ. ಬಂದು ನೋಡು" ಅಂದರು.

ನೋಡಿದೆ. ತಪ್ಪು ನನ್ನದೇ. ಆ ಬಟನ್ನಿನ ಸುದ್ದಿಯನ್ನು ಕಂಪ್ಯೂಟರಿಗೆ ಮುಟ್ಟಿಸುವ ಡ್ರೈವರನ್ನು ನಾನೇ ಬರೆದು ಕರ್ನಲ್‌ಗೆ ಸೇರಿಸಿದ್ದೆ. ಕರ್ನಲ್ ಅಂದರೆ ಕಂಪ್ಯೂಟರಿನ ಬುಡ. ಮಿಕ್ಕ ಎಲ್ಲ ಕೆಲಸ ಅದರ ಹೆಗಲ ಮೇಲೆ. ಎಲಿವೇಟರ್ ಮೊದಲೇ ನಿಂತಿರುವಾಗ ಕೆಂಪು ಒತ್ತಿದರೆ, ಅಪರೂಪಕ್ಕೊಮ್ಮೆ ಆ ಸುದ್ದಿ ಕಳೆದುಹೋಗುತ್ತಿತ್ತು. ಬಟನ್ನಿನ ದೀಪವೇನೋ ಹತ್ತುತ್ತಿತ್ತು, ಆದರೆ ಅದು ಬಟನ್ನಿನದೇ ದೀಪ, ಕಂಪ್ಯೂಟರಿಗೆ ಮುಟ್ಟಿತೋ ಇಲ್ಲವೋ ಅದಕ್ಕೆ ತಿಳಿಯದು. ತಿದ್ದಬೇಕಾದದ್ದು ಒಂದೇ ಒಂದು ಆದೇಶ, ಐದು ಬೈಟು.

ತಿದ್ದಿ ಕಂಪ್ಯೂಟರನ್ನು ಆರಿಸಿ ಹತ್ತಿಸಿದ್ದರೆ ಮುಗಿಯುತ್ತಿತ್ತು. ಗಿರಣಿಯ ಸಾವ್ಕಾರರು ಒಪ್ಪಲಿಲ್ಲ. "ತೊಟ್ಟ್ಯಾಗ ಭತ್ತ ನೆಂದೈತ್ರಿ ಮೇಡಂ. ಈಗ ಲೈನ್ ನಿಂತ್ರ ಮತ್ತ ಶುರು ಮಾಡಾಕ ಅರ್ಧ ದಿನ. ಅಷ್ಟರಾಗ ಹುಳಿ ವಾಸನಿ ಹಿಡಿತೈತಿ. ಸುಗ್ಗಿ ಮುಗಿಯೋತನಕ ನಿಲ್ಲಿಸಂಗಿಲ್ರಿ."

ನನಗೆ ಒಳಗೊಳಗೇ ಖುಷಿಯಾಯಿತು. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ. ಓಡುತ್ತಿರುವ ಕರ್ನಲನ್ನು ಓಡುತ್ತಿರುವಾಗಲೇ ತಿದ್ದುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನನಗೆ ಬರುತ್ತದೆ ಅಂತ ತೋರಿಸುವ ಹಮ್ಮು ನನ್ನಲ್ಲಿತ್ತು.

ಕಂಪ್ಯೂಟರಿನ ಮೆಮೊರಿಯನ್ನು ಪುಟಗಳೆಂಬ ತುಂಡುಗಳಾಗಿ ಹಂಚಿರುತ್ತದೆ, ಒಂದೊಂದಕ್ಕೂ ಒಂದು ವಿಳಾಸ. ಕರ್ನಲ್‌ನ ಆದೇಶಗಳಿರುವ ಪುಟಗಳಿಗೆ ಬೀಗ ಹಾಕಿರುತ್ತದೆ. ಓದಬಹುದು, ಓಡಿಸಬಹುದು, ಬರೆಯುವಂತಿಲ್ಲ. ಹಿಂದೆ ಕೆಲವರು ಆ ಬೀಗ ತೆಗೆದು, ಬರೆದು, ಮತ್ತೆ ಹಾಕುತ್ತಿದ್ದರು. ತೆರೆದಿದ್ದ ಆ ಒಂದು ಗಳಿಗೆಯಲ್ಲಿ ಯಾರು ಬೇಕಾದರೂ ಒಳನುಗ್ಗಬಹುದು. ಈಗಿನ ಸುರಕ್ಷಿತ ಕ್ರಮ ಬೇರೆ. ಮೂಲ ವಿಳಾಸದ ಬೀಗವನ್ನು ಮುಟ್ಟುವುದೇ ಇಲ್ಲ. ಅದೇ ಪುಟಕ್ಕೆ ಒಂದು ಕ್ಷಣದ ಮಟ್ಟಿಗೆ ಇನ್ನೊಂದು ವಿಳಾಸ ಕೊಡುತ್ತೇವೆ. ಅಲ್ಲಿಂದ ಬರೆಯಬಹುದು, ಮತ್ತು ಬರೆಯುತ್ತಿರುವ ಪ್ರೊಸೆಸರ್ ಬಿಟ್ಟು ಬೇರೆ ಯಾವುದಕ್ಕೂ ಅದು ಕಾಣಿಸದು. ಬರೆದು ಮುಗಿದ ಕೂಡಲೇ ಆ ವಿಳಾಸವನ್ನು ಅಳಿಸಿಬಿಡುತ್ತೇವೆ. ಮುಂಬಾಗಿಲಿನ ಬೀಗಕ್ಕೆ ಕೈ ಹಚ್ಚದೆ, ಗೋಡೆಗೆ ಒಂದು ಗಳಿಗೆ ಕಿಟಕಿ ಇಟ್ಟು ತೆಗೆದ ಹಾಗೆ.

ಕರ್ನಲ್‌ನಲ್ಲೇ ಇದಕ್ಕೆ ಸಿದ್ಧವಾದ ದಾರಿ ಇರುತ್ತದೆ. ಗಿರಣಿಯ ಕಂಪ್ಯೂಟರಿನಲ್ಲಿ ಇರಲಿಲ್ಲ, ಜಾಗ ಉಳಿಸಲೆಂದು ನಾನೇ ಅದನ್ನು ಕತ್ತರಿಸಿ ತೆಗೆದಿದ್ದೆ. ಹಾಗಾಗಿ ಕಿಟಕಿ ಇಡುವ ಕೆಲಸವನ್ನೂ ನಾನೇ ಬರೆದೆ. ಮನೆಯ ಕಂಪ್ಯೂಟರಿನಲ್ಲಿ ಮೂರು ದಿನ ಪ್ರಯೋಗ ಮಾಡಿದೆ. ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಆಯಿತು.

ನಾಲ್ಕನೇ ದಿನ ಮಧ್ಯಾಹ್ನ ಗಿರಣಿಯಲ್ಲಿ ಮಾಡಿದೆ. ಕಿಟಕಿ ತೆರೆದೆ, ಐದು ಬೈಟು ಬರೆದೆ, ಬರೆದದ್ದನ್ನು ತಿರುಗಿ ಓದಿ ತಾಳೆ ನೋಡಿದೆ, ಕಿಟಕಿ ಅಳಿಸಿದೆ. ಐದೂ ಬೈಟು ಸರಿಯಾಗಿದ್ದವು. ಕೆಂಪು ಬಟನ್ ಹತ್ತು ಸಲ ಒತ್ತಿದೆ, ಹತ್ತೂ ಸಲ ಸುದ್ದಿ ಮುಟ್ಟಿತು. ಗಿರಣಿ ಒಂದು ಕ್ಷಣವೂ ನಿಂತಿರಲಿಲ್ಲ. ಸಾವ್ಕಾರರು ಕೈ ಮುಗಿದರು. ಕೆಲಸದವರು ನಾಲ್ಕಾರು ಮಂದಿ ಸುತ್ತ ನಿಂತು ನೋಡುತ್ತಿದ್ದರು.

ಅದೇ ಹೊತ್ತಿಗೆ ಚಾಚಾ ತಗ್ಗು ಬಿಡಿಸಲು ಬಂದರು. ಮೇಲಿನ ತೊಟ್ಟಿ ತುಂಬಿ ಎಲಿವೇಟರ್ ನಿಂತಿತ್ತು. ಕೆಂಪು ಒತ್ತಿದರು. ಎಂದಿನಂತೆ ಮೆಟ್ಟಿಲ ಕಡೆ ಹೊರಟರು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ, ಅದು ಆಗ ಬಂತು.

"ಮತ್ತ ಯಾಕ ಹತ್ತಾಕತ್ತೀರಿ ಚಾಚಾ? ಈಗ ತಾನ ಬರದು, ತಿರುಗಿ ಓದಿ, ತಾಳೆ ನೋಡೀನಿ. ನನ್ನ ಮ್ಯಾಲೆ ನಂಬಿಕಿ ಇಲ್ಲೇನು?"

"ಹಂಗಲ್ಲ ಬೇಟಿ. ಚಟ ಬಿದ್ದೈತಿ."

"ಆ ಚಟ ಬಿಡ್ರಿ. ನಾಲ್ಕು ಮಂದಿ ಮುಂದ ನನ್ನ ಮರ್ಯಾದಿ ತೆಗೀಬ್ಯಾಡ್ರಿ."

ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. ನನ್ನ ಮುಖ ನೋಡಿದರು, ಸಾವ್ಕಾರರ ಮುಖ ನೋಡಿದರು. ಕಾಲು ಕೆಳಗಿಟ್ಟರು. "ಆತು ಬಿಡು. ನೀ ಹೇಳಿದ ಮ್ಯಾಲೆ ಆತು" ಅಂದು ತಗ್ಗಿಗೆ ಇಳಿದರು.

ಮೇಲಿನ ತೊಟ್ಟಿ ಬರಿದಾಯಿತು. ಎಲಿವೇಟರ್ ಓಡಿತು.

ಚಾಚಾ ಚೀರಲಿಲ್ಲ. "ಯಾ ಅಲ್ಲಾ" ಅಂದದ್ದೂ ಮೆಲ್ಲಗೆ, ನನಗಷ್ಟೇ ಕೇಳಿಸುವಷ್ಟು. ಆಗಲೂ ನನ್ನ ತಲೆ ಹೇಳುತ್ತಿದ್ದದ್ದು ಒಂದೇ: ಓಡಲು ಸಾಧ್ಯವಿಲ್ಲ, ನಾನು ತಿದ್ದಿದ್ದೇನೆ. ಕಣ್ಣೆದುರು ಬಕೆಟ್ಟುಗಳು ಮೇಲಕ್ಕೆ ಹೋಗುತ್ತಿವೆ, ನಾನು ಮರದ ಕೊರಡಿನ ಹಾಗೆ ನಿಂತು ಅದು ಸುಳ್ಳು ಅಂದುಕೊಳ್ಳುತ್ತಿದ್ದೇನೆ. ಓಡಿಹೋಗಿ ಮೇನ್ ಸ್ವಿಚ್ ಎಳೆದವರು ಸಾವ್ಕಾರರು. ನಿಲ್ಲಿಸಲು ಬರುವುದೇ ಇಲ್ಲ ಅಂದಿದ್ದ ಲೈನ್ ಒಂದು ಉಸಿರಿನಲ್ಲಿ ನಿಂತಿತು.

ಬಲಗೈಯ ಎರಡು ಬೆರಳು ಹೋದವು. ತೋರುಬೆರಳು, ನಡುಬೆರಳು.

ಟವೆಲಿನಲ್ಲಿ ಕೈ ಸುತ್ತಿ ಕಾರಿನಲ್ಲಿ ಬಳ್ಳಾರಿಗೆ ಕರೆತಂದೆವು. ದಾರಿಯಲ್ಲಿ ಚಾಚಾ ಒಂದೇ ಮಾತು ಮತ್ತೆ ಮತ್ತೆ ಅಂದರು: "ತಪ್ಪು ನಂದ ಐತಿ. ಹತ್ತಿ ನೋಡಬೇಕಾಗಿತ್ತು." ನಾನು ಪಕ್ಕದಲ್ಲೇ ಕೂತಿದ್ದೆ. ಹತ್ತಬೇಡಿ ಅಂದವಳು ನಾನೇ, ರಕ್ತ ಒಸರದಂತೆ ಟವೆಲನ್ನು ಒತ್ತಿ ಹಿಡಿದಿದ್ದೆ.

ಮರುದಿನ ಬೆಳಿಗ್ಗೆ ಗಿರಣಿಗೆ ಹೋದೆ. ಲೈನ್ ನಿಂತಿದ್ದರೂ ಕಂಪ್ಯೂಟರ್ ಬ್ಯಾಟರಿಯ ಮೇಲೆ ಉಸಿರಾಡುತ್ತಿತ್ತು. ಈ ಸಲ ಕಿಟಕಿಯಿಂದಲ್ಲ, ಡ್ರೈವರಿನ ಮೂಲ ವಿಳಾಸದಿಂದಲೇ ಆ ಐದು ಬೈಟು ಓದಿದೆ. ಹಳೆಯವೇ ಇದ್ದವು. ಕಣ್ಣುಜ್ಜಿ ಮತ್ತೆ ಓದಿದೆ. ಹಳೆಯವೇ. ಒಂದು ಬೈಟೂ ಬದಲಾಗಿರಲಿಲ್ಲ. ನಾನು ಬರೆದದ್ದು ಹಾಗಾದರೆ ಎಲ್ಲಿಗೆ ಹೋಯಿತು?

ಮನೆಯ ಕಂಪ್ಯೂಟರಿನಲ್ಲಿ ಡ್ರೈವರನ್ನು ಕರ್ನಲ್‌ನ ಒಳಗೇ ಕಟ್ಟಿದ್ದೆ. ಗಿರಣಿಯಲ್ಲಿ ಅದನ್ನು ಆಮೇಲೆ ಹೊರಗಿನಿಂದ ಸೇರಿಸಿದ್ದೆ. ಹೊರಗಿನಿಂದ ಬಂದದ್ದು ಮೆಮೊರಿಯಲ್ಲಿ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂರುತ್ತದೆ. ಅದರ ಪುಟ ಯಾವುದು ಅಂತ ಕರ್ನಲ್‌ನ ಪಟ್ಟಿಯಲ್ಲಿ ನೋಡಬೇಕು, ಸುಮ್ಮನೆ ಕೂಡಿ ಕಳೆದು ಕಂಡುಹಿಡಿಯಲು ಬರುವುದಿಲ್ಲ. ನಾನು ಮನೆಯ ಲೆಕ್ಕವನ್ನೇ ಹಾಕಿದ್ದೆ. ಹಾಗಾಗಿ ನನ್ನ ಕಿಟಕಿ ಬೇರೆ ಯಾವುದೋ ಪುಟದ ಮೇಲೆ ತೆರೆದಿತ್ತು. ಬರೆದದ್ದೂ ಅಲ್ಲೇ. ಇನ್ನು ತಾಳೆ ನೋಡಿದ್ದು? ಅದೇ ಕಿಟಕಿಯಿಂದ. ಅಲ್ಲಿ ನಾನು ಬರೆದದ್ದಲ್ಲದೆ ಬೇರೆ ಏನು ಕಾಣಬೇಕಿತ್ತು? ತೂಗಿದ ತಕ್ಕಡಿಯಲ್ಲೇ ತಿರುಗಿ ತೂಗಿ ತೂಕ ಸರಿಯಿದೆ ಅಂದ ಹಾಗಾಯಿತು. ಬಟನ್ ಹತ್ತು ಸಲ ಒತ್ತಿ ನೋಡಿದ್ದೂ ಅಷ್ಟೇ, ನೂರಕ್ಕೊಮ್ಮೆ ತಪ್ಪುವುದು ಆ ಹತ್ತರಲ್ಲಿ ಸಿಗಲಿಲ್ಲ.

ಆ ಪುಟವನ್ನು ಯಾರೂ ಬಳಸುತ್ತಿರಲಿಲ್ಲ. ಯಾರಾದರೂ ಬಳಸುತ್ತಿದ್ದರೆ ಕಂಪ್ಯೂಟರ್ ಅಲ್ಲೇ ಕೆಟ್ಟು ನಿಲ್ಲುತ್ತಿತ್ತು, ನಾನು ಎಲ್ಲರೆದುರು ಮಾನ ಕಳೆದುಕೊಳ್ಳುತ್ತಿದ್ದೆ, ಚಾಚಾರ ಬೆರಳು ಉಳಿಯುತ್ತಿದ್ದವು.

ಲೈನ್ ಹೇಗೂ ನಿಂತಿತ್ತಲ್ಲ, ಡ್ರೈವರನ್ನು ತಿದ್ದಿ ಕಂಪ್ಯೂಟರನ್ನು ಆರಿಸಿ ಹತ್ತಿಸಿದೆ. ಮೂಲ ವಿಳಾಸದಿಂದಲೇ ಓದಿ ನೋಡಿದೆ. ಬಾಯಿ ಮಾತ್ರ ಬಿಡಲಿಲ್ಲ. ಒಂಬತ್ತು ದಿನ.

ಆ ಒಂಬತ್ತು ದಿನದಲ್ಲಿ ಗಿರಣಿಯಲ್ಲಿ ಒಂದು ಮಾತು ಗಟ್ಟಿಯಾಯಿತು. ಮುದುಕ ಅವತ್ತು ಹತ್ತಿ ನೋಡಲಿಲ್ಲ, ವಯಸ್ಸಾಯಿತು, ಎಚ್ಚರ ತಪ್ಪಿತು. ಹತ್ತಬೇಡಿ ಅಂತ ನಾನು ಹೇಳಿದ್ದನ್ನು ಎಲ್ಲರೂ ಕೇಳಿದ್ದರು, ಆದರೆ ಮೇಡಂ ಹೇಳಿದ್ದು ತಪ್ಪಿರಬಹುದು ಅಂತ ಒಬ್ಬರಿಗೂ ಅನಿಸಲಿಲ್ಲ. ಹತ್ತನೇ ದಿನ ಸಾವ್ಕಾರರು ಫೋನಿನಲ್ಲಿ, "ಚಾಚಾನ ಮನಿಗೆ ಕಳಿಸಿಬಿಡ್ತೀವ್ರಿ. ಹೊಸ ಫಿಟ್ಟರ್ ಒಬ್ಬವ ಸಿಕ್ಕಾನ" ಅಂದರು.

ಆಗ ಹೇಳಿದೆ. ಒಂದೂ ಬಿಡದೆ ಹೇಳಿದೆ.

"ಯಾರೂ ಕೇಳಿಲ್ಲಲ್ರಿ ಮೇಡಂ. ನೀವಾಗಿ ಯಾಕ ಹೇಳಾಕತ್ತೀರಿ?" ಅಂದರು. ಅವರು ನನ್ನನ್ನು ಬೈಯುತ್ತಾರೆ ಅಂತ ಕಾದಿದ್ದೆ. ಈ ಮಾತು ಬೈಗುಳಕ್ಕಿಂತ ಜೋರಾಗಿ ಬಡಿಯಿತು. ಚಾಚಾರನ್ನು ತೆಗೆದರೆ ಇದನ್ನೇ ಗಿರಣಿಯ ಅಂಗಳದಲ್ಲಿ ನಿಂತು ಹೇಳುತ್ತೇನೆ ಅಂದೆ. ತೆಗೆಯಲಿಲ್ಲ.

ಅವತ್ತೇ ಕುರುಗೋಡಿಗೆ ಹೋದೆ. ಚಾಚಾ ಹೊರಗಿನ ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಚಹಾ ಕುಡಿಯುವುದನ್ನು ಕಲಿಯುತ್ತಿದ್ದರು. ಅವರ ಹೆಂಡತಿ ನನಗೂ ಒಂದು ಕಪ್ಪು ತಂದರು. ನಾನು ಕಪ್ಪು ಮುಟ್ಟದೆ ಎಲ್ಲ ಹೇಳಿದೆ. ಕರ್ನಲ್, ಪುಟ, ವಿಳಾಸ ಅಂತ ತಡವರಿಸುತ್ತಿದ್ದೆ. ಚಾಚಾ ನಡುವೆ ಕೈ ತೋರಿಸಿ ನಿಲ್ಲಿಸಿದರು.

"ಬ್ಯಾರೆ ಕಡಿ ಬರದಿ?"

"ಹೂಂ."

"ನೋಡಿದ್ದೂ ಅಲ್ಲೇ?"

"ಹೂಂ ಚಾಚಾ. ಅಲ್ಲೇ."

ಎರಡು ಪ್ರಶ್ನೆಯಲ್ಲಿ ಅವರಿಗೆ ಪೂರ್ತಿ ತಿಳಿದುಹೋಯಿತು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. "ಅಯ್ಯ ನಮ್ಮವ್ವ, ಹತ್ತು ದಿನದಿಂದ ನಾ ಇವರನ್ನ ಬೈಯಾಕತ್ತೀನಲ್ಲ" ಅಂದರು. "ಕಣ್ಣು ಎಲ್ಲಿಟ್ಟಿದ್ದಿರಿ ಅಂತ ಉಣ್ಣುವಾಗೂ ಬೈದೀನಿ."

ಚಾಚಾ ಅವರ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ.

"ನಲವತ್ತು ವರ್ಷ ಹತ್ತಿದೆ, ಅವತ್ತೊಂದಿನ ಯಾಕ ಹತ್ತಲಿಲ್ಲ ಅಂತ ನನ್ನ ಮ್ಯಾಲೆ ನನಗ ಸಿಟ್ಟಿತ್ತು" ಅಂದರು. "ಅದನ್ನ ಹೆಂಗೋ ತಡ್ಕೊಂಡಿದ್ದೆ. ಈಗ ನಿನ್ನ ಮ್ಯಾಲೆ ಮಾಡ್ಕೋಬೇಕು. ಅದು ನನಗ ಬರವಲ್ದು ಬೇಟಿ."

ನಾನು ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

"ಸ್ವಲ್ಪ ದಿನ ಈ ಕಡಿ ಬರಬ್ಯಾಡ. ಫೋನೂ ಮಾಡಬ್ಯಾಡ. ನಾನ ಕರೀತೀನಿ."

ಅದಾದ ಮೇಲೆ ಎರಡು ಸುಗ್ಗಿ ಕಳೆದಿವೆ. ಚಾಚಾ ಇನ್ನೂ ಕರೆದಿಲ್ಲ.