ಜಯಮಂಗಲಿಯ ಕಪ್ಪೆಚಿಪ್ಪುಗಳು

ಮಹಾರಾಜರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನನಗೆ ಸಿಕ್ಕ ಮೊದಲ ನೌಕರಿ, ಹೊಳೆಯಲ್ಲಿ ಕಪ್ಪೆಚಿಪ್ಪು ಹುಡುಕುವುದು. ಕೊರಟಗೆರೆಯ ಆಚೆ ಜಯಮಂಗಲಿಗೆ ಅಡ್ಡಲಾಗಿ ಕಟ್ಟೆ ಏಳುತ್ತಿತ್ತು. ಅದರಿಂದ ನೀರಿನ ಜೀವಗಳಿಗೆ ಏನಾಗುತ್ತದೆಂದು ನೋಡಿಬರಲು ಸರ್ಕಾರ ನನ್ನನ್ನು ಕಳಿಸಿತ್ತು.

ಚನ್ನರಾಯನದುರ್ಗದ ಬೆಟ್ಟ ಕಾಣುವ ಒಂದು ಹಳ್ಳಿಯ ಚಾವಡಿಯಲ್ಲಿ ಇಳಿದುಕೊಂಡೆ. ಬೆಳಗ್ಗೆ ಪಂಚೆ ಎತ್ತಿಕಟ್ಟಿ ಹೊಳೆಗಿಳಿಯುವುದು, ಮರಳಲ್ಲಿ ಕೈಯಾಡಿಸುವುದು, ಸಿಕ್ಕ ಚಿಪ್ಪನ್ನು ಅಳೆದು, ಜೀವವಿದ್ದರೆ ಅಲ್ಲೇ ಹೂಳುವುದು. ಜಮೀನು ಮುಳುಗಿಸಲು ಬಂದವನೆಂದು ಊರವರು ನನ್ನೊಡನೆ ಮಾತು ಬಿಟ್ಟಿದ್ದರು. ನಾನು ಬಾವಿಯ ಬಳಿ ಹೋದರೆ ಹೆಂಗಸರು ಅರ್ಧ ತುಂಬಿದ ಕೊಡ ಎತ್ತಿಕೊಂಡು ನಡೆಯುತ್ತಿದ್ದರು. ನನ್ನ ದನಿ ನನಗಾದರೂ ಕೇಳಲೆಂದು ಅಳತೆಗಳನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದೆ.

ಬೇಸಿಗೆಯಲ್ಲಿ ಕಟ್ಟೆಯವರು ನೀರು ತಡೆದರು. ಕೆಳಗಿನ ಮಡು ಕೆಸರಾಯಿತು. ಕಪ್ಪೆಚಿಪ್ಪುಗಳು ಬಾಯಿ ಬಿಟ್ಟು ಬಿದ್ದಿದ್ದವು, ಕಾಗೆಗಳು ಕುಕ್ಕುತ್ತಿದ್ದವು. ಎಣಿಸುವುದಷ್ಟೇ ನನ್ನ ಕೆಲಸ. ಆದರೂ ಮನಸ್ಸು ತಡೆಯದೆ, ಬದುಕಿದ್ದವನ್ನು ಬಕೆಟ್ಟಿಗೆ ಆಯತೊಡಗಿದೆ.

ದಡದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಕೂಗಿ ಕೇಳಿದಳು: "ಅದೇನ್ ಸ್ವಾಮಿ, ತಿನ್ನಾಕಾ?"

"ಅಲ್ಲಮ್ಮ. ಕೆಳಗೆ ಬಂಡೆ ಮಡುವಿನಲ್ಲಿ ಇನ್ನೂ ನೀರಿದೆ, ಅಲ್ಲಿ ಬಿಡೋಣ ಅಂತ."

"ಒಬ್ನೇ ಹೆಂಗಪ್ಪಾ ಹೊರ್ತೀಯ? ತಡಿ, ಬಂದೆ."

ಅವಳು ಕಂಬಳಿಯನ್ನು ನೀರಲ್ಲಿ ಅದ್ದಿ ಅದರಲ್ಲೇ ಗಂಟು ಕಟ್ಟಿದಳು. ಹೊತ್ತು ಇಳಿಯುವವರೆಗೂ ಇಬ್ಬರೂ ಹೊತ್ತೆವು. ದಾರಿಯಲ್ಲಿ ಅವಳು, "ಕಟ್ಟೆ ಹಿಂದಿರೋ ನಮ್ಮ ಹಟ್ಟಿನೂ ಮುಳುಗ್ತದಂತೆ ಕಣಪ್ಪಾ. ನನ್ನ ಯಾರು ಹೊತ್ಕೊಂಡೋಯ್ತಾರೆ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಅಂದು ಅವಳ ಗುಡಿಸಲಲ್ಲಿ ಮುದ್ದೆ ಉಂಡೆ. ಲಿಂಗ ಕಟ್ಟಿದ ನಮ್ಮ ಮನೆಯವರಿಗೆ ಗೊತ್ತಾಗಿದ್ದರೆ ಒಪ್ಪುತ್ತಿರಲಿಲ್ಲ. ಎದುರಿಗೊಬ್ಬರು ಕೂತು "ಇನ್ನೊಸಿ ಇಕ್ಲಾ?" ಎಂದು ಕೇಳಿ ಎಷ್ಟು ಕಾಲವಾಗಿತ್ತೋ. ತಟ್ಟೆ ಮುಂದಕ್ಕೆ ಚಾಚಿದೆ.

ಆಮೇಲೆ ನನ್ನನ್ನು ಶಿರಾದ ಕಡೆಯ ಕೆರೆಗಳಿಗೆ ಹಾಕಿದರು. ಮಳೆಗಾಲ ಕಳೆದು ಹಿಂತಿರುಗಿದಾಗ ಮೊದಲು ಬಂಡೆ ಮಡುವಿಗೆ ಇಳಿದೆ. ನಾವು ಬಿಟ್ಟವುಗಳಲ್ಲಿ ಬಹಳಷ್ಟು ಸತ್ತಿದ್ದವು. ಕೆಲವು ಮಾತ್ರ ಮರಳೊಳಗೆ ಬೇರೂರಿದಂತೆ ಬಿಗಿಯಾಗಿ ನಿಂತಿದ್ದವು. ಅದನ್ನು ಅವಳಿಗೆ ಹೇಳಬೇಕೆಂದು ಒದ್ದೆ ಪಂಚೆಯಲ್ಲೇ ಹಟ್ಟಿಗೆ ಓಡಿದೆ. ಹಟ್ಟಿಯಲ್ಲಿ ಜನರಿರಲಿಲ್ಲ. ಒಬ್ಬನು ಮಾತ್ರ ಸೂರಿನ ಗಳ ಕೀಳುತ್ತಿದ್ದ. ಕುರಿ ಮೇಯಿಸುತ್ತಿದ್ದ ಅಜ್ಜಿ ಎಲ್ಲಿ ಎಂದು ಕೇಳಿದೆ.

"ಆವಮ್ಮಾನಾ? ತಮ್ಮನ ಮಗನ ಜೊತೆ ಬುಕ್ಕಾಪಟ್ಟಣದ ಕಡೆ ಹೋದ್ಲು. ಎಲ್ಲಿ ಅಂತ ಗೊತ್ತಿಲ್ಲ ಸ್ವಾಮಿ."

ಅವಳ ಹೆಸರನ್ನೂ ನಾನು ಕೇಳಿರಲಿಲ್ಲ. ಅವನು ಕೊನೆಯ ಗಳ ಕೀಳುವವರೆಗೂ ಹಿಡಿದುಕೊಟ್ಟೆ.