ಪಕ್ಕದ ಸೀಟು, ಪಕ್ಕಾ ಸೀಟು

ನನ್ನ ಎಡಗಿವಿಯ ಹಾಲೆ ಬಲಗಿವಿಯ ಹಾಲೆಗಿಂತ ಒಂದು ಎಳ್ಳಿನಷ್ಟು ಉದ್ದವಾಗಿದೆ. ಇದನ್ನು ಕಂಡುಹಿಡಿದ ಕೀರ್ತಿ ದಿಲ್‌ಸುಖ್‌ನಗರದ ನಮ್ಮ ಓಣಿಯ ಕ್ಷೌರಿಕನದು. ಅವನು ಕನ್ನಡಿಯಲ್ಲಿ ಅದನ್ನು ನನಗೂ ತೋರಿಸಿ, ಇಂಥ ಕಿವಿಯವರಿಗೆ ದೀರ್ಘಾಯುಷ್ಯವೆಂದು ಸಮಾಧಾನ ಹೇಳಿದ. ಕಾರಣ ಆಯುಷ್ಯವಲ್ಲ, ನನ್ನ ಕಿರಿಮಗಳು ಎಂಬುದನ್ನು ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಐದು ವರ್ಷದ ಇಂಚರಾಗೆ ನಿದ್ರೆ, ಭಯ, ಜ್ವರ, ಕೆನ್ನೆ ಹಿಂಡುವ ನೆಂಟರು, ಇವುಗಳಲ್ಲಿ ಯಾವುದನ್ನು ಎದುರಿಸಬೇಕಾದರೂ ನನ್ನ ಎಡಗಿವಿ ಬೇಕು. ಹಾಲೆಯನ್ನು ಎರಡು ಬೆರಳ ನಡುವೆ ಹಿಡಿದು ಜಪಮಣಿಯಂತೆ ತಿರುವುತ್ತ ಕೂತಳೆಂದರೆ ಅವಳ ಮಟ್ಟಿಗೆ ಲೋಕ ಕ್ಷೇಮ. ಬದಲಿಗೆ ನನ್ನ ಬಲಗಿವಿಯನ್ನೂ, ಅವಳ ತಾಯಿಯ ಕಿವಿಯನ್ನು ಬೆಂಡೋಲೆಯ ಸಮೇತವೂ ಸಮರ್ಪಿಸಿ ನೋಡಿದ್ದಾಗಿತ್ತು. ಎರಡೂ ತಿರಸ್ಕೃತವಾದವು.

ಹೀಗಿರುವಾಗ ನನ್ನ ಭಾವಮೈದುನ ದಿಲ್ಲಿಯಲ್ಲಿ ಮನೆ ಕಟ್ಟಿಸಿ ನಮ್ಮನ್ನು ಗೃಹಪ್ರವೇಶಕ್ಕೆ ಕರೆದ. ಮಕ್ಕಳಿಗೆ ಅದು ಮೊದಲ ವಿಮಾನಯಾನ. ಮೇಲೇರುವಾಗ ಕಿವಿ ನೋಯುತ್ತದೆಂದು ಯಾರೋ ಪುಣ್ಯಾತ್ಮರು ಇಂಚರಾಗೆ ಹೇಳಿಬಿಟ್ಟಿದ್ದರು. ಅವಳು ಕೂಡಲೇ ತನ್ನ ಷರತ್ತನ್ನು ಮಂಡಿಸಿದಳು: "ಅಪ್ಪಾ ನನ್ನ ಬಾಜೂಕ ಕೂತರ ಅಷ್ಟ ಬರತೀನಿ."

"ಬಾಜೂ ಅಲ್ಲವ್ವ, ಪಕ್ಕ ಅನ್ನು" ಎಂದು ನಾನು ತಿದ್ದಿದೆ. ನಾವು ಕಲಬುರಗಿಯವರು, ನಮ್ಮ ಮನೆಮಾತಿನಲ್ಲಿ ಉರ್ದು, ಮರಾಠಿ, ದಖ್ಖನಿಗಳು ಬಾಡಿಗೆ ಕೊಡದೆ ತಲೆಮಾರುಗಳಿಂದ ವಾಸವಾಗಿವೆ. ಕೇಂದ್ರ ಸರಕಾರದ ಉದ್ದಿಮೆಯೊಂದರಲ್ಲಿ ನೌಕರನಾಗಿ ಹೈದರಾಬಾದಿಗೆ ಬಂದಮೇಲೆ, ಪರಸ್ಥಳದಲ್ಲಿರುವವರಿಗೆ ಸಹಜವಾಗಿ ತಗಲುವ ಭಾಷಾಶುದ್ಧಿಯ ಸೋಂಕು ನನಗೂ ತಗಲಿತು. ಆಫೀಸಿನಲ್ಲಿ ಹಿಂದಿ, ಅಂಗಡಿಯಲ್ಲಿ ತೆಲುಗು ಆಡಿ ಮನೆಗೆ ಬಂದು ಹೆಂಡತಿ ಮಕ್ಕಳ ಕನ್ನಡ ತಿದ್ದುವುದು ನನ್ನ ಸಾಯಂಕಾಲದ ವ್ಯಾಯಾಮ.

ಟಿಕೆಟ್ಟಿಗೆ ನಾನು ಹೋದದ್ದು ನಮ್ಮ ಓಣಿಯ ತುದಿಯಲ್ಲಿ, ಕೋಚಿಂಗ್ ಸೆಂಟರಿನ ಮೆಟ್ಟಿಲ ಕೆಳಗೆ ಕೂಡುವ ಏಜೆಂಟ್ ಯಾದಗಿರಿಯ ಬಳಿಗೆ. ಅವನು ತೆಲುಗಿನವನು, ಆದರೆ ನಾವಿಬ್ಬರೂ ನಮ್ಮ ನಮ್ಮ ಪ್ರತಿಷ್ಠೆಗಾಗಿ ಪರಸ್ಪರ ಹಿಂದಿಯಲ್ಲೇ ವ್ಯವಹರಿಸುತ್ತೇವೆ. "ಚಾರೋಂ ಸೀಟ್ ಪಕ್ಕ ಹೋನಾ" ಎಂದೆ. "ಚಾರೋಂ ಪಕ್ಕಾ ಸರ್, ಫಿಕರ್ ನಕ್ಕೋ" ಎಂದು ನನ್ನ ಚಿಂತೆ ಬಿಡಿಸಿದ. ಇಬ್ಬರೂ ಸಂತುಷ್ಟರಾಗಿ ಚಹಾ ಕುಡಿದೆವು.

ಓದುಗ ಮಿತ್ರರೇ, ಅನರ್ಥ ನಿಮಗೆ ಆಗಲೇ ಹೊಳೆದಿರಬೇಕು. ನಾನು ಕೇಳಿದ್ದು ಕನ್ನಡದ ಪಕ್ಕ, ಎಂದರೆ ಮಗ್ಗುಲು. ಅವನು ಕೊಟ್ಟದ್ದು ಹಿಂದಿಯ ಪಕ್ಕಾ, ಎಂದರೆ ಖಚಿತ. ಒಂದು ದೀರ್ಘದ ಅಂತರದಲ್ಲಿ ನನ್ನ ಸಂಸಾರ ಛಿದ್ರವಾಯಿತು. ಪೂರ್ತಿ ತೆಲುಗಿನಲ್ಲಿ ಕೇಳಿದ್ದರೆ ಬಚಾವಾಗುತ್ತಿದ್ದೆ, ಏಕೆಂದರೆ ತೆಲುಗಿನ ಪಕ್ಕವೂ ಪಕ್ಕವೇ. ಮಗಳ ಬಾಜೂ ಬಳಸಿದ್ದರಂತೂ ಇಡೀ ಹೈದರಾಬಾದಿಗೆ ಅರ್ಥವಾಗುತ್ತಿತ್ತು. ಹಿಂದಿಯ ವಾಕ್ಯದ ಮಧ್ಯೆ ಶುದ್ಧ ಕನ್ನಡದ ಪದವೊಂದನ್ನು ಕೂಡಿಸಹೋದ ಫಲವಾಗಿ, ವಿಮಾನ ನಿಲ್ದಾಣದಲ್ಲಿ ನಮ್ಮ ಕೈಗೆ ನಾಲ್ಕು ದಿಕ್ಕಿನ ನಾಲ್ಕು ಸೀಟುಗಳು ಬಂದವು. ನಾಲ್ಕೂ ಪಕ್ಕಾ. ಹೆಂಡತಿ ಶೈಲಜಾ ಮುಂಭಾಗಕ್ಕೆ, ಹತ್ತು ವರ್ಷದ ಹಿರಿಮಗಳು ಅನಘಾ ರೆಕ್ಕೆಯ ಹತ್ತಿರಕ್ಕೆ, ಇಂಚರಾ ಅದಕ್ಕೂ ಹಿಂದೆ ಇಬ್ಬರು ಅಪರಿಚಿತರ ನಡುವಿಗೆ, ನಾನು ಶೌಚಾಲಯದ ಸಾನ್ನಿಧ್ಯಕ್ಕೆ. ಈಗ ಮಕ್ಕಳನ್ನು ಹೆತ್ತವರ ಹತ್ತಿರವೇ ಕೂಡಿಸಬೇಕೆಂಬ ನಿಯಮ ಬಂದಿದೆಯಂತೆ. ನಾನು ಹೇಳುತ್ತಿರುವುದು ಅದಕ್ಕೆ ಮೊದಲಿನ ಮಾತು. ವಿಮಾನ ಭರ್ತಿಯಾಗಿದೆ, ಒಳಗೆ ಹೋಗಿ ಯಾರನ್ನಾದರೂ ಕೇಳಿಕೊಳ್ಳಿ ಎಂದು ಕೌಂಟರಿನ ಹುಡುಗಿ ನಕ್ಕಳು.

"ಆಕೀಗೂ ಒಂದೀಟು ಶುದ್ಧ ಕನ್ನಡದಾಗ ತಿಳಿಸಿ ಹೇಳ್ರಿ" ಎಂದಳು ಶೈಲಜಾ.

ಕಾಯುವ ಹೊತ್ತಿನಲ್ಲಿ, ಕಳೆದ ಮರ್ಯಾದೆಯನ್ನು ಪೂರ್ವಜರ ಬಲದಿಂದ ತುಂಬಿಕೊಳ್ಳಲು, ಮಕ್ಕಳಿಗೆ ಅವರ ಅಜ್ಜನ ಪರಾಕ್ರಮ ಹೇಳಿದೆ. ಕಲಬುರಗಿಯ ಬಸ್ ಸ್ಟ್ಯಾಂಡಿಗೆ ಬಸ್ಸು ಹೊರಳುವುದೇ ತಡ, ನಮ್ಮಪ್ಪ ಕಿಟಕಿಯೊಳಗೆ ಟವೆಲ್ ಎಸೆದು ಒಂದು ಉದ್ದನೆಯ ಸೀಟನ್ನು ಇಡಿಯಾಗಿ ಹಿಡಿಯುತ್ತಿದ್ದರು. ಅದನ್ನು ಪ್ರಶ್ನಿಸುವ ಧೈರ್ಯ ಕಂಡಕ್ಟರನಿಗೂ ಇರಲಿಲ್ಲ. "ಟವೆಲ್ ಇಟ್ಟರ ಯಾರೂ ಕೂಡಂಗಿಲ್ಲೇನು?" ಎಂದು ಇಂಚರಾ ಕಣ್ಣರಳಿಸಿದಳು. ಕೂಡಂಗಿಲ್ಲ ಎಂದೆ. ಅನಘಾ ಮಾತ್ರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬೇರೆ ಯಾರದೋ ಸಂಸಾರವನ್ನು ನೋಡುವಂತೆ ನಮ್ಮನ್ನು ನೋಡುತ್ತಿದ್ದಳು. ಒಬ್ಬಳೇ ಕೂಡುವ ಭಾಗ್ಯಕ್ಕೆ ಅವಳು ಒಳಗೊಳಗೇ ಹಿಗ್ಗಿದ್ದಳು.

ಒಳಗೆ ಹೋದಮೇಲೆ ಇಂಚರಾಳನ್ನು ಅವಳ ಸೀಟಿನಲ್ಲಿ ಕೂರಿಸಿ, ಈಗ ಬಂದೆ ಎಂದು ಮಾತು ಕೊಟ್ಟೆ. ಅವಳು ಅಳಲಿಲ್ಲ, ತುಟಿ ಕಚ್ಚಿ ನನ್ನ ಕಿವಿಯನ್ನೇ ನೋಡಿದಳು. ಕಿಟಕಿಯ ಬಳಿಯ ಯುವಕ, ಮೋಡ ನೋಡಲೆಂದೇ ಹೆಚ್ಚಿನ ದುಡ್ಡು ಕೊಟ್ಟಿರುವುದಾಗಿ ತಿಳಿಸಿ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮಲಗಿಬಿಟ್ಟ. ಈಚೆಗಿದ್ದ ಅಜ್ಜಿಗೆ ಕಾಲು ಚಾಚಲು ಓಡಾಡುವ ದಾರಿಯ ಬದಿಯೇ ಬೇಕಿತ್ತು. ಆಮೇಲೆ ನಾನು ಆರಂಭಿಸಿದ್ದು ನಮ್ಮಂಥ ಸರಕಾರಿ ನೌಕರರಿಗೆ ಮಾತ್ರ ಸಿದ್ಧಿಸಿದ ಪರಸ್ಪರ ವರ್ಗಾವಣೆಯ ವಿದ್ಯೆ. ಹಿಂದಿನ ಸಾಲಿನ ತುದಿಯ ಸೀಟಿನವರು ಎದ್ದು ಅದನ್ನು ಅಜ್ಜಿಗೆ ಬಿಟ್ಟುಕೊಡಲು ಸಿದ್ಧ, ಅವರಿಗೆ ಮುಂದೆ ಅಂಥದೇ ಸೀಟು ಸಿಕ್ಕರೆ. ಮುಂದಿನವರು ಸಿದ್ಧ, ಅವರ ಹೆಂಡತಿಯೂ ಜೊತೆಗೆ ಬರುವುದಾದರೆ. ಆ ಹೆಂಡತಿ ಸಿದ್ಧಳಿರಲಿಲ್ಲ. ಗಂಡನಿಂದ ಎರಡು ಗಂಟೆ ದೂರವಿರುವ ಅವಕಾಶ ತನಗೆ ಮತ್ತೆಂದು ಬರಬೇಕೆಂದು ಹಿಂದಿಯಲ್ಲಿ ಕೇಳಿದಳು. ವಿಮಾನ ಹೊರಡುವುದು ತಡವೆಂದು ಘೋಷಣೆಯಾದದ್ದು ನನ್ನ ಪಾಲಿಗೆ ವರವಾಗಿ, ಅರ್ಧ ವಿಮಾನವನ್ನು ಎಬ್ಬಿಸಿ ಕೂಡಿಸಿ, ಕೊನೆಗೊಮ್ಮೆ ಎಲ್ಲರ ಒಪ್ಪಿಗೆ ಗಿಟ್ಟಿಸಿಕೊಂಡು, ವಿಜಯೋತ್ಸಾಹದಿಂದ ಎಡಗಿವಿಯನ್ನು ಒರೆಸಿಕೊಳ್ಳುತ್ತ ಮಗಳ ಸಾಲಿಗೆ ಬಂದೆ.

ಅವಳು ನಿದ್ದೆ ಹೋಗಿದ್ದಳು. ಅವಳ ಬೆರಳುಗಳ ನಡುವೆ ಅಜ್ಜಿಯ ಕಿವಿಯಿತ್ತು. ಆಯುಷ್ಯವಿಡೀ ಭಾರದ ಓಲೆ ಹೊತ್ತು ಜೋತುಬಿದ್ದ ಹಾಲೆ, ನನ್ನದಕ್ಕಿಂತ ಎಷ್ಟೋ ಉದ್ದ, ಎಷ್ಟೋ ಮೆತ್ತಗೆ. ಆಕೆ ಕತ್ತನ್ನು ಒಂದು ಕಡೆಗೆ ವಾಲಿಸಿ, ಅಲುಗಾಡದೆ ಕೂತಿದ್ದರು.

"ರಹನೇ ದೇವ್ ಬೇಟಾ, ಅಭೀಚ್ ಸೋಯೀ" ಎಂದರು ಪಿಸುದನಿಯಲ್ಲಿ.

ಈಗಷ್ಟೇ ಮಲಗಿದವಳನ್ನು ಎಬ್ಬಿಸಬೇಡವೆಂದು ಇನ್ನೊಬ್ಬರಿಂದ ಹೇಳಿಸಿಕೊಂಡು, ವರ್ಗಾವಣೆಗಳನ್ನೆಲ್ಲ ರದ್ದುಪಡಿಸಿ, ಎಲ್ಲರ ಶಾಪವನ್ನೂ ಹೊತ್ತು ನಾನು ಶೌಚಾಲಯದ ಬಳಿಗೆ ಮರಳಿದೆ. ವಿಮಾನ ಮೇಲೇರುವಾಗ ಅವಳ ಅಳು ಕೇಳೀತೆಂದು ಕಿವಿಗೊಟ್ಟು ಕೂತೆ. ಕೇಳಲಿಲ್ಲ. ಸಮಾಧಾನವಾಗಬೇಕಿತ್ತು, ನಿಜ ಹೇಳುತ್ತೇನೆ, ಭಾಳ ಬೇಜಾರಾಯಿತು. ಅನಘಾ ಕೂಡ ಚಿಕ್ಕವಳಿದ್ದಾಗ ಇದೇ ಕಿವಿ ಹಿಡಿದು ಮಲಗುತ್ತಿದ್ದಳೆಂಬುದು ಆಗ ನೆನಪಾಯಿತು. ಅವಳು ಅದನ್ನು ಬಿಟ್ಟದ್ದು ಎಂದು? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಆ ದಿನ ಬಹುಶಃ ನಾನು ಯಾರದೋ ಕನ್ನಡ ತಿದ್ದುತ್ತಿದ್ದೆ.

ಮರಳುವ ಟಿಕೆಟ್ಟಿಗೆ ದಿಲ್ಲಿಯಿಂದಲೇ ಯಾದಗಿರಿಗೆ ಫೋನು ಮಾಡಿ, ನಾಚಿಕೆ ಬಿಟ್ಟು, "ಬಾಜೂ ಬಾಜೂ" ಎಂದು ಎರಡು ಸಲ ಹೇಳಿದೆ. ಒಂದೇ ಸಾಲಿನಲ್ಲಿ ದಾರಿಯ ಈಚೆಗೆ ಎರಡು, ಆಚೆಗೆ ಎರಡು ಸೀಟು ಸಿಕ್ಕವು. ಇಂಚರಾ ಮುಂದಾಗಿ ಓಡಿ ಕಿಟಕಿ ಹಿಡಿದಳು. ನಾನು ಎಡಗಿವಿ ಮುಂದೆ ಮಾಡಿಕೊಂಡು ಕೂಡಹೋದರೆ, ಪಕ್ಕದ ಸೀಟಿನ ಮೇಲೆ ಅವಳ ಪುಟ್ಟ ಕರವಸ್ತ್ರ ಹಾಸಿತ್ತು.

"ಇಲ್ಲಿ ಕೂಡಬ್ಯಾಡಪಾ. ಇದು ಅಜ್ಜೀದು."

ಪಿತೃಪಿತಾಮಹರಿಂದ ಬಂದ ಶಾಸನವನ್ನು ಮೀರುವುದು ಹೇಗೆ? ನಾನು ನಿಂತೇ ಇದ್ದೆ. ಹಿಂದಿನವರು ಗೊಣಗತೊಡಗಿದರು. ಶೈಲಜಾ ನನ್ನನ್ನು ಮೆಲ್ಲಗೆ ಸರಿಸಿ, "ಅಜ್ಜಿ ಬರೂತನಾ ನಾ ಕೂಡತೀನಿ, ಆತೇನವಾ?" ಎಂದು ಕರವಸ್ತ್ರ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ಮಗಳ ಕೈ ಅವಳ ಬೆಂಡೋಲೆಯ ಕಡೆಗೆ ಹೋಯಿತು.

ಆಗ ದಾರಿಯ ಆಚೆಯಿಂದ ಅನಘಾ, ನಮ್ಮನ್ನು ಯಾರೆಂದೇ ಅರಿಯದ ಆ ಮಹಾತಾಯಿ, ನನ್ನ ಅಂಗಿಯ ತೋಳು ಜಗ್ಗಿದಳು. "ಅಪ್ಪಾ, ಬಾ. ನನ್ನ ಬಾಜೂ ಕೂಡು."

ನಾನು ತಿದ್ದಲಿಲ್ಲ. ಕೂತೆ. ವಿಮಾನ ಓಡತೊಡಗಿದಾಗ ಅವಳು ತನ್ನ ಇಯರ್‌ಫೋನಿನ ಒಂದು ಎಳೆಯನ್ನು ತೆಗೆದು ನನ್ನ ಬಲಗಿವಿಗೆ ಸಿಕ್ಕಿಸಿದಳು. ಒಂದಕ್ಷರವೂ ಅರ್ಥವಾಗದ ಯಾವುದೋ ಹಾಡು. ಎಳೆ ಗಿಡ್ಡವಾಗಿದ್ದರಿಂದ ಹೈದರಾಬಾದಿನವರೆಗೂ ಅವಳ ಕಡೆಗೆ ಕತ್ತು ವಾಲಿಸಿಕೊಂಡು, ಅಲುಗಾಡದೆ ಕೂತೆ.