ತೊಳೆದು ಬರುತ್ತಿದ್ದ ಡಬ್ಬಿ

ನಮ್ಮಮ್ಮನ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಕಾನೂನು. ಇವತ್ತು ಮಾಡಿದ್ದು ಹದಿಮೂರು ದಿನ ಕಳೆಯದೆ ಮತ್ತೆ ತಟ್ಟೆಗೆ ಬರಕೂಡದು. ಎರಡು ವಾರಕ್ಕೆ ಸರಿಹೋಗಲಿ ಎಂದು ಮೊದಲು ಹದಿನಾಲ್ಕು ಅಂತಲೇ ಇಟ್ಟುಕೊಂಡಿದ್ದಳಂತೆ, ಆದರೆ ಹದಿನಾಲ್ಕನೆಯ ಅಡುಗೆ ಹೊಳೆಯಲೇ ಇಲ್ಲ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಪಟ್ಟಿ ಬರೆದು ದಿನಕ್ಕೊಂದು ಗೀಟು ಹಾಕುತ್ತಿದ್ದಳು.

ಅಪ್ಪ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುತ್ತಾನೆ. ಅವನ ಸಂಬಳ ಇಪ್ಪತ್ತನೇ ತಾರೀಖಿಗೇ ಏದುಸಿರು ಬಿಡುತ್ತಿತ್ತು. ಅಮ್ಮ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಹೋಗಿ ಸೊಟ್ಟ ಕ್ಯಾರೆಟ್ಟು, ಒಡೆದ ಟೊಮೇಟೊ, ಹೂಕೋಸಿನ ಬರೀ ದಂಟು ತರುತ್ತಿದ್ದಳು. "ಬಿಟ್ರೆ ನನ್ ಬುಟ್ಟೀನೂ ಬೇಯಿಸ್ತೀಯ ನೀನು" ಎಂದು ತರಕಾರಿಯವಳು ರೇಗಿಸುತ್ತಿದ್ದಳು. ಒಂದು ಕುಂಬಳಕಾಯಿ ಬಂದರೆ ತಿರುಳು ಬೇಳೆಯ ಜೊತೆ ಬೇಯುತ್ತಿತ್ತು. ಸಿಪ್ಪೆ ಮಾರನೆಯ ದಿನಕ್ಕೆ: ಕಡ್ಡಿಯಷ್ಟು ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿ ಹಾಕಿ, ಗರಿಗರಿಯಾಗುವವರೆಗೆ ಹುರಿಯುತ್ತಿದ್ದಳು. ಬೀಜ ಒಣಮೆಣಸಿನಕಾಯಿಯ ಜೊತೆ ಪುಡಿಯಾಗಿ ವಾರವೆಲ್ಲ ನಡೆಯುತ್ತಿತ್ತು. ಬಡತನ ನಮ್ಮನೆಯಲ್ಲಿತ್ತು ನಿಜ, ಆದರೆ ಅದು ತಟ್ಟೆಯಲ್ಲಿ ಕಾಣಿಸಿದ್ದಿಲ್ಲ.

ಅಪ್ಪನ ಊಟದ ಡಬ್ಬಿ ಸಂಜೆ ತೊಳೆದೇ ಬರುತ್ತಿತ್ತು, ಮೂಲೆಯಲ್ಲಿ ಒಂದಗುಳೂ ಇಲ್ಲದಂತೆ. ಅಮ್ಮನಿಗೆ ಅದೇ ದೊಡ್ಡ ಹೆಮ್ಮೆ. "ಮನೇಲಿ ಕುಡಿದ ಲೋಟ ಎತ್ತಲ್ಲ ಮಹಾರಾಯ್ರು. ಡಬ್ಬಿ ಮಾತ್ರ ತೊಳೆದೇ ತರ್ತಾರೆ" ಎಂದು ಪಕ್ಕದ ಮನೆಯವರಿಗೆ ಹೇಳಿಕೊಂಡು ಬೀಗುತ್ತಿದ್ದಳು.

ಒಂದೂವರೆ ವರ್ಷದ ಹಿಂದೆ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಮನೆಗೇ ಬಂದರು. ಅವರಿಗೆ ಮುಖ್ಯ ಅಡುಗೆಯವಳು ಬೇಕಿತ್ತು, ಅಮ್ಮನ ಹೆಸರು ತರಕಾರಿಯವಳೇ ಹೇಳಿದ್ದಳು. ಅಮ್ಮ ಹೋಗಿ ಆ ಅಡುಗೆಮನೆ ನೋಡಿಯೂ ಬಂದಳು. ನಾಲ್ಕು ಒಲೆ, ದೊಡ್ಡ ಕಿಟಕಿ, ತನ್ನದೇ ಸಂಬಳ. ಬೆಳಗ್ಗೆ ಐದಕ್ಕೇ ಹೊರಡಬೇಕಾದ್ದರಿಂದ ಡಬ್ಬಿ ಕಟ್ಟಲು ಆಗುವುದಿಲ್ಲ, ಅಷ್ಟೇ ತೊಡಕು. ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೇಳಿದ, "ಹೋಗೋದಾದ್ರೆ ಹೋಗು. ಆದ್ರೆ ನಿನ್ ಅಡುಗೆ ಬಿಟ್ರೆ ಬೇರೆ ಊಟ ನನ್ನ ಗಂಟಲಲ್ಲಿ ಇಳಿಯಲ್ಲ."

ಅಮ್ಮ ಆ ಮಾತಿಗೆ ಕರಗಿ ನೀರಾದಳು. ವಾರ್ಡನ್‌ಗೆ ಆಗುವುದಿಲ್ಲ ಎಂದು ಹೇಳಿ ಕಳಿಸಿದಳು. ಆಮೇಲೂ ಈರುಳ್ಳಿ ಹೆಚ್ಚುತ್ತ ಒಮ್ಮೊಮ್ಮೆ, "ಎಷ್ಟು ದೊಡ್ಡ ಕಿಟಕಿ ಗೊತ್ತಾ" ಅನ್ನುತ್ತಿದ್ದಳು.

ಕಳೆದ ತಿಂಗಳು ಒಂದು ಭಾನುವಾರ ಅಪ್ಪ ಕ್ಷೌರಕ್ಕೆ ಹೋಗಿದ್ದಾಗ, ಪ್ರೆಸ್ಸಿನ ಬೈಂಡಿಂಗ್ ಮಾಸ್ತರರು ಕಂಕುಳಲ್ಲಿ ಒಂದು ಕುಂಬಳಕಾಯಿ ಇಟ್ಟುಕೊಂಡು ಬಂದರು. ವಯಸ್ಸಾದವರು, ಹೆಂಡತಿ ಇಲ್ಲ. ಮರುದಿನ ಕೆಲಸದಿಂದ ನಿವೃತ್ತಿ.

"ನಾಲ್ಕು ವರ್ಷ ನಿಮ್ ಕೈ ಊಟ ಮಾಡ್ದೆ ತಂಗಿ. ಒಂದ್ ಮಾತು ಹೇಳ್ದೆ ಹೋದ್ರೆ ತಪ್ಪಾಗುತ್ತೆ" ಎಂದರು.

ಅಮ್ಮನಿಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅವರ ಹತ್ತಿರ ಪ್ರೆಸ್ಸಿನ ಎದುರಿನ ಮೆಸ್ಸಿನ ತಿಂಗಳ ಕಾರ್ಡು ಇತ್ತು. ಅಲ್ಲಿಯ ಖಾರ ಅವರ ಹೊಟ್ಟೆಗೆ ಆಗುತ್ತಿರಲಿಲ್ಲ. ದಿನವೂ ಅಪ್ಪ ಅವರ ಕಾರ್ಡಿನಲ್ಲಿ ಮೆಸ್ಸಿಗೆ, ಅವರು ಅಪ್ಪನ ಡಬ್ಬಿಗೆ. "ಆ ಕುಂಬಳಕಾಯಿ ಸಿಪ್ಪೇದು ಹದಿಮೂರು ದಿನಕ್ಕೊಂದ್ ಸಲ ಬರ್ತಿತ್ತು. ದಿನ ಎಣಿಸಿ ಕಾಯ್ತಿದ್ದೆ. ಬರೀ ಉಣ್ಣೋದು ಸರಿಯಲ್ಲ ಅಂತ ಡಬ್ಬಿನಾದ್ರೂ ತೊಳೆದು ಕೊಡ್ತಿದ್ದೆ."

"ಹೌದು, ಗೊತ್ತು. ಅವರು ಹೇಳಿದ್ರು" ಎಂದಳು ಅಮ್ಮ. ಗಂಡನ ಮಾನ ಉಳಿಸಲು ಅವಳು ಹೇಳಿದ ಕೊನೆಯ ಸುಳ್ಳು ಅದು. ಮಾಸ್ತರರಿಗೆ ಚಹಾ ಕೊಟ್ಟು, ಗೇಟಿನವರೆಗೂ ಹೋಗಿ ಕಳಿಸಿ ಬಂದಳು.

ಒಳಗೆ ಬಂದವಳು ನನ್ನ ಮುಖ ನೋಡಿದಳು. ನನಗೆ ಆಶ್ಚರ್ಯವೇ ಆಗಿರಲಿಲ್ಲ. ಅದು ಅವಳಿಗೆ ಕಂಡುಬಿಟ್ಟಿತು.

"ನಿನಗೂ ಗೊತ್ತಿತ್ತಾ?"

ಗೊತ್ತಿತ್ತು. ಎರಡು ವರ್ಷದ ಹಿಂದೆ ಕಾಲೇಜಿನಿಂದ ಬರುವಾಗ ಅಪ್ಪ ಆ ಮೆಸ್ಸಿನಲ್ಲಿ ಹುರಿದ ಮೀನು ತಿನ್ನುವುದನ್ನು ನೋಡಿದ್ದೆ. ಕೂರಿಸಿ ನನಗೂ ಒಂದು ತುಂಡು ಹಾಕಿಸಿದ. "ಅಮ್ಮಂಗೆ ಹೇಳ್ಬೇಡ, ನೊಂದ್ಕೋತಾಳೆ" ಅಂದ. ನಾನು ಬೆರಳು ನೆಕ್ಕಿಕೊಂಡು ತಿಂದೆ.

"ವಾರ್ಡನ್ ಬಂದಾಗ? ಆಗ್ಲೂ ಗೊತ್ತಿತ್ತಾ?"

ತಲೆಯಾಡಿಸಿದೆ. ಆ ದಿನ ಅಪ್ಪ ಗಂಟಲಿನ ಮಾತಾಡುವಾಗ ನಾನು ಅಲ್ಲೇ ಕೂತು ಉಗುರು ಕತ್ತರಿಸುತ್ತಿದ್ದೆ. ಅಮ್ಮ ಹೊರಟುಹೋದರೆ ಬೆಳಗಿನ ಅಡುಗೆ ನನ್ನ ತಲೆಗೆ ಬರುತ್ತದೆ ಎಂದು ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಇಷ್ಟೇ ಕಾರಣ.

"ಅವರದ್ದು ನಾಲಿಗೆ ಚಪಲ. ನೀನು ನನ್ ಮಗಳಲ್ವೇ" ಎಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಕ್ಷೌರ ಮುಗಿಸಿಕೊಂಡು ಘಮಘಮಿಸುತ್ತ ಬಂದ ಅಪ್ಪ ಕುಂಬಳಕಾಯಿ ನೋಡಿ, ಅದನ್ನು ತಂದದ್ದು ಮಾಸ್ತರರು ಎಂದು ಕೇಳಿ ಪೆಚ್ಚಾದ. "ದಿನಾ ಮನೆ ಊಟಾನೇ ಅಂದ್ರೆ... ಒಂದ್ ಬದಲಾವಣೆ ಬೇಕಲ್ವೇನೇ" ಎಂದ. ಹದಿಮೂರು ಬಗೆ ಮಾಡಿ ಹಾಕಿದವಳ ಎದುರು ನಿಂತು ಹೇಳಿದ ಮಾತು ಇದು. ಅಮ್ಮ ಒದ್ದೆ ಬಟ್ಟೆ ತಂದು ಬಾಗಿಲ ಹಿಂದಿನ ಪಟ್ಟಿಯನ್ನು ಒರೆಸಿದಳು.

ಮರುದಿನವೇ ಹಾಸ್ಟೆಲಿಗೆ ಹೋದಳು. ಮುಖ್ಯ ಅಡುಗೆಯವಳ ಜಾಗ ಯಾವತ್ತೋ ಭರ್ತಿಯಾಗಿತ್ತು. ತರಕಾರಿ ಹೆಚ್ಚುವವಳು ಬೇಕಿತ್ತು, ಅದನ್ನೇ ಒಪ್ಪಿಕೊಂಡಳು. ಅವಳು ಕೂರುವುದು ಹಿಂದಿನ ವರಾಂಡದಲ್ಲಿ. ಅಲ್ಲಿಂದ ಆ ಕಿಟಕಿ ಕಾಣುವುದಿಲ್ಲ.

ಈಗ ಅಡುಗೆ ನನ್ನದು. ನನಗೆ ಬರುವುದು ಆಲೂಗಡ್ಡೆ, ಅದೂ ಒಂದೇ ಬಗೆ. ಅಪ್ಪ ತುಟಿ ಎರಡು ಮಾಡದೆ ತಿನ್ನುತ್ತಾನೆ. ನಾಲ್ಕೂವರೆಗೆ ಎದ್ದು ಅಮ್ಮನಿಗೂ ಒಂದು ಡಬ್ಬಿ ಕಟ್ಟುತ್ತೇನೆ. ಬೇಡ ಎನ್ನುವುದಿಲ್ಲ, ತೆಗೆದುಕೊಂಡು ಹೋಗುತ್ತಾಳೆ. ಸಂಜೆ ಡಬ್ಬಿ ಥಳಥಳ ತೊಳೆದು ಬಂದಿರುತ್ತದೆ. ತಾನೇ ತಿಂದಳೋ, ಯಾರಿಗಾದರೂ ಕೊಟ್ಟಳೋ ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.